ಕೆಲಸದ ಪಟ್ಟಿಯಲ್ಲಿ ಗಡುವು ಯಾವುದಕ್ಕೆ ಹಾಕಬೇಕು: ನನ್ನ ಅನುಭವ

ತೀರ್ಥಹಳ್ಳಿ ಕಡೆಯ ಅಡಿಕೆ ತೋಟ, ಶಿವಮೊಗ್ಗದಲ್ಲಿ ಬಾಡಿಗೆಗೆ ಕೊಟ್ಟಿರುವ ಮನೆ, ಮಾವನವರ ಪಿಂಚಣಿ, ಸೊಸೈಟಿ ಸಾಲ, ಬ್ಯಾಂಕು, ತೆರಿಗೆ. ಮನೆಯಲ್ಲಿ ಇಷ್ಟರ ಲೆಕ್ಕಪತ್ರ ನೋಡಿಕೊಳ್ಳುವುದು ನಾನು. ಫೋನಿನ ಕೆಲಸದ ಪಟ್ಟಿಯಲ್ಲಿ ಯಾವಾಗ ನೋಡಿದರೂ ನೂರಕ್ಕೆ ಕಮ್ಮಿ ಇರುವುದಿಲ್ಲ. ಆದರೆ ಗಡುವಿನ ದಿನಾಂಕ ಇರುವುದು ಅದರಲ್ಲಿ ಕೆಲವೇ ಕೆಲವಕ್ಕೆ. ಉಳಿದವಕ್ಕೆ ಬೇಕೆಂದೇ ಹಾಕುವುದಿಲ್ಲ. ಇಷ್ಟು ವರ್ಷ ಪಟ್ಟಿ ಕೈತಪ್ಪದೆ ನಡೆದುಕೊಂಡು ಬಂದಿರುವುದಕ್ಕೆ ಇದೇ ಕಾರಣ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಗಡುವು ಹಾಕುವ ಮುಂಚೆ ಒಂದು ಸಾಲು ಬರೆಯುವುದು ನನ್ನ ಪದ್ಧತಿ. ಆ ದಿನ ದಾಟಿದರೆ ಏನು ಹೋಗುತ್ತದೆ ಎಂಬುದನ್ನು ಕೆಲಸದ ಕೆಳಗೇ ಬರೆಯುತ್ತೇನೆ. ಶಿವಮೊಗ್ಗದ ಮನೆಯ ಕಂದಾಯಕ್ಕೆ ಏಪ್ರಿಲ್ 30: ‘ದಾಟಿದರೆ 5% ರಿಯಾಯಿತಿ ಇಲ್ಲ.’ ಆದಾಯ ತೆರಿಗೆ ರಿಟರ್ನ್ಸ್‌ಗೆ ಜುಲೈ 31: ‘ದಾಟಿದರೆ 5 ಲಕ್ಷದೊಳಗಿನ ಆದಾಯಕ್ಕೆ 1000, ಮೇಲ್ಪಟ್ಟರೆ 5000 ರೂಪಾಯಿವರೆಗೆ ದಂಡ.’ ಸೊಸೈಟಿಯ ಬೆಳೆಸಾಲ: ‘ದಾಟಿದರೆ ಶೂನ್ಯ ಬಡ್ಡಿ ಹೋಯಿತು.’ ಈ ಸಾಲು ಬರೆಯಲು ಏನೂ ತೋಚದಿದ್ದರೆ ಆ ಕೆಲಸಕ್ಕೆ ಗಡುವು ಇಲ್ಲವೆಂದೇ ಲೆಕ್ಕ. ಅಟ್ಟ ಚೊಕ್ಕ ಮಾಡುವುದು, ಹಳೇ ಫೋಟೊ ವಿಂಗಡಿಸುವುದು, ಕಾಳುಮೆಣಸಿನ ಬಳ್ಳಿಯ ಬಗ್ಗೆ ಓದುವುದು, ಇವಕ್ಕೆಲ್ಲ ಸುಮ್ಮನೆ ‘ಬರುವ ಶುಕ್ರವಾರ’ ಎಂದು ಬರೆದರೆ ಶುಕ್ರವಾರ ಬಂದಾಗ ಪಟ್ಟಿಯಲ್ಲಿ ಅವೂ ಕೆಂಪು ಬಣ್ಣಕ್ಕೆ ತಿರುಗುತ್ತವೆ, ತೆರಿಗೆಯೂ ಕೆಂಪು. ಯಾವುದು ನಿಜವಾದ ಕೆಂಪು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಸ್ವಲ್ಪ ದಿನಕ್ಕೆ ಕೆಂಪನ್ನೇ ಗಮನಿಸದ ಅಭ್ಯಾಸ ಬರುತ್ತದೆ, ಅದೇ ಅಪಾಯ.

ಹಾಗಂತ ಈ ಕೆಲಸಗಳು ಅನಾಥವಲ್ಲ. ಅವಕ್ಕೆ ‘ಶುರು ದಿನ’ ಇರುತ್ತದೆ. ಅಲ್ಲಿಯವರೆಗೆ ಕಣ್ಣಿಗೆ ಬೀಳಬಾರದು, ಅಲ್ಲಿಂದ ಮುಂದೆ ಬೀಳಬೇಕು, ಅಷ್ಟೆ. ಶುರು ದಿನ ದಾಟಿದರೆ ಏನೂ ಕೆಡುವುದಿಲ್ಲ, ಮುಂದಕ್ಕೆ ಹಾಕಿದರೂ ಮನಸ್ಸಿಗೆ ಕಿರಿಕಿರಿಯಿಲ್ಲ.

ಗಡುವು ಇರುವ ಕೆಲಸಕ್ಕೂ ಶುರು ದಿನ ಬೇಕೇಬೇಕು. ಅದನ್ನು ಮನಸ್ಸಿಗೆ ಬಂದಂತೆ ಇಡುವುದೂ ಸರಿಯಲ್ಲ. ರಿಟರ್ನ್ಸ್ ಕೆಲಸ ನನ್ನ ಪಟ್ಟಿಯಲ್ಲಿ ಏಳುವುದು ಜೂನ್ 16ಕ್ಕೆ. ಸಂಬಳ, ಪಿಂಚಣಿಯಲ್ಲಿ ಹಿಡಿದ ತೆರಿಗೆಯ ಪ್ರಮಾಣಪತ್ರವಾದ ಫಾರ್ಮ್ 16 ಕೊಡಲು ಜೂನ್ 15ರವರೆಗೆ ಅವಕಾಶ ಇರುವುದರಿಂದ ಅದಕ್ಕೂ ಮುಂಚೆ ಕೂತರೆ ಅರ್ಧ ಕಾಗದವೇ ಇರುವುದಿಲ್ಲ. ಮಾವನವರು ಅಂಚೆ ಇಲಾಖೆಯಿಂದ ನಿವೃತ್ತರಾದವರು, 80 ದಾಟಿದೆ. ಅವರ ಜೀವಿತ ಪ್ರಮಾಣಪತ್ರಕ್ಕೆ ನವೆಂಬರ್ 30 ಗಡುವು. 80 ದಾಟಿದ ಕೇಂದ್ರ ಸರ್ಕಾರಿ ಪಿಂಚಣಿದಾರರು ಅಕ್ಟೋಬರ್ 1ರಿಂದಲೇ ಕೊಡಬಹುದು, ಹಾಗಾಗಿ ನನ್ನಲ್ಲಿ ಶುರು ದಿನ ಅದೇ. ನವೆಂಬರ್‌ನ ನೂಕುನುಗ್ಗಲಿನಲ್ಲಿ ಅವರನ್ನು ನಿಲ್ಲಿಸುವ ಪ್ರಮೇಯ ಬರುವುದಿಲ್ಲ.

ಇದೆಲ್ಲ ಕಾಗದದ ಮಾತಾಯಿತು. ಗಡುವು ಅಂದರೇನು ಎಂದು ನನಗೆ ಸರಿಯಾಗಿ ಕಲಿಸಿದ್ದು ತೋಟಕ್ಕೆ ಔಷಧಿ ಹೊಡೆಸುವ ಕೆಲಸ. ಅಡಿಕೆ ಕಾಯಿಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್, ಸುಣ್ಣ ಕೂಡಿಸಿದ ದ್ರಾವಣ) ಹೊಡೆಯುವುದು ರೋಗ ಬಾರದಂತೆ ತಡೆಯಲಿಕ್ಕೆ, ಕೊಳೆ ಹತ್ತಿದ ಕಾಯಿ ಅದರಿಂದ ವಾಸಿಯಾಗುವುದಿಲ್ಲ. ಮೊದಲ ಸಲದ್ದು ಮುಂಗಾರು ಹಿಡಿಯುವ ಮುಂಚೆ ಆಗಬೇಕು. ಮೃಗಶಿರ ಮಳೆ (ರೋಹಿಣಿಯ ನಂತರದ ಮಳೆ ನಕ್ಷತ್ರ) ಹುಟ್ಟುವುದು ಜೂನ್ 8ರ ಸುಮಾರಿಗೆ, ಆದ್ದರಿಂದ ನನ್ನ ಗಡುವು ಜೂನ್ 7. ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಹೋಗುತ್ತೇನೆ. ಮೈಲುತುತ್ತ, ಸುಣ್ಣ, ಅಂಟು ತಂದಿಡುವುದು ಮೇ ಮಧ್ಯಕ್ಕೆ. ಪಂಪು, ಪೈಪು, ಡ್ರಮ್ಮು ನೋಡಿಸುವುದು ಮೇ 20ರೊಳಗೆ. ಎಲ್ಲಕ್ಕಿಂತ ಮೊದಲು ಔಷಧಿ ಹೊಡೆಯುವವರಿಗೆ ಫೋನು, ಅದು ಮೇ 1ಕ್ಕೆ. ನಮ್ಮಲ್ಲಿಗೆ ಬರುವವರು ಒಮ್ಮೆ ಹೇಳಿದ್ದರು, “ಅಮ್ಮ, ಮೇ ಮೊದಲ ವಾರ ಹೇಳಿಬಿಟ್ರೆ ನಿಮಗೆ ಅಂತ ದಿನ ಇಟ್ಕೊಳ್ತೀನಿ. ರೋಹಿಣಿ ಹುಟ್ಟಿದ ಮೇಲೆ ಎಲ್ಲರೂ ಒಟ್ಟಿಗೇ ಕರೀತಾರೆ, ಆಗ ನಾನಾದ್ರೂ ಏನ್ ಮಾಡ್ಲಿ?” ಆ ಮಾತು ನನ್ನ ಪದ್ಧತಿಯನ್ನೇ ತಿದ್ದಿತು. ಗಡುವು ಕೆಲಸದ ಕೊನೆಯಲ್ಲಿ ಇರಬಹುದು, ಆದರೆ ಬಿಗಿ ಇರುವುದು ಬೇರೆಯವರ ಕೈ ಬೇಕಾಗುವ ಹೆಜ್ಜೆಯಲ್ಲಿ. ಈಗ ಯಾವ ದೊಡ್ಡ ಕೆಲಸವಿದ್ದರೂ ಮೊದಲು ಹುಡುಕುವುದು ಆ ಹೆಜ್ಜೆಯನ್ನು. ಅದಕ್ಕೆ ಪ್ರತ್ಯೇಕ ದಿನಾಂಕ ಕೊಡುತ್ತೇನೆ.

ಮುಂಚೆಯೇ ಮುಗಿಸಿಡಲು ಬಾರದ ಹೆಜ್ಜೆಗಳೂ ಇವೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಬೇರೆ ಬೇರೆಯಾಗಿ ಕರಗಿಸಿ ಕೂಡಿಸಿದ ಮೇಲೆ ಕಬ್ಬಿಣದ ಕತ್ತಿಯ ಅಲಗನ್ನು ಅದ್ದಿ ನೋಡಬೇಕು. ಅಲಗಿಗೆ ತಾಮ್ರದ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು. ಕೂಡಿಸಿದ್ದು ಅವತ್ತೇ ಮುಗಿಯಬೇಕು, ನಾಳೆಗೆ ಇಡುವ ಹಾಗಿಲ್ಲ. ಇಂಥ ಹೆಜ್ಜೆಯನ್ನು ನಾನು ದಿನಾಂಕಕ್ಕೆ ಕಟ್ಟುವುದಿಲ್ಲ, ಮರ ಹತ್ತುವವರೋ ನೆಲದಿಂದಲೇ ಉದ್ದ ಕೋಲಿನಲ್ಲಿ ಹೊಡೆಯುವ ದೋಟಿಯವರೋ ಬರುವ ದಿನಕ್ಕೆ ಕಟ್ಟುತ್ತೇನೆ. ಮಳೆ ಬಂದು ಅವರು ಎರಡು ದಿನ ತಡವಾದರೆ ಅದೂ ತಾನಾಗಿ ಎರಡು ದಿನ ಮುಂದೆ ಹೋಗುತ್ತದೆ.

ಎರಡನೇ ಸಲದ್ದು 40ರಿಂದ 45 ದಿನ ಬಿಟ್ಟು. ಮತ್ತೆ ಮತ್ತೆ ಬರುವ ಕೆಲಸದಲ್ಲಿ ಎರಡು ಜಾತಿ ಇದೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಕರೆಂಟ್ ಬಿಲ್ಲು ಕ್ಯಾಲೆಂಡರಿಗೆ ಅಂಟಿದ್ದು, ಹೋದ ತಿಂಗಳು ಯಾವಾಗ ಕಟ್ಟಿದಿರಿ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಔಷಧಿ ಹಾಗಲ್ಲ, ಹಿಂದಿನ ಸಲ ಹೊಡೆದು ಮುಗಿಸಿದ ದಿನದಿಂದ ಲೆಕ್ಕ. ನೀರಿನ ಫಿಲ್ಟರ್, ಬೈಕಿನ ಆಯಿಲ್ ಕೂಡ ಇದೇ ಜಾತಿ. ಟುಡೂಯಿಸ್ಟ್ ಎಂಬ ಆ್ಯಪ್‌ನಲ್ಲಿ ‘ಎವ್ರಿ’ ಎಂಬ ಪದದ ಕೊನೆಗೆ ಆಶ್ಚರ್ಯಸೂಚಕ ಚಿಹ್ನೆ ಹಾಕಿದರೆ ಕೆಲಸ ಮುಗಿಸಿದ ದಿನದಿಂದ ಎಣಿಸುತ್ತದೆ, ಹಾಕದಿದ್ದರೆ ಮೊದಲು ಇಟ್ಟ ದಿನದಿಂದಲೇ. ಅಷ್ಟು ಸಣ್ಣ ಚಿಹ್ನೆಗೆ ನಮ್ಮ ತೋಟದಲ್ಲಿ ಬಹಳ ಬೆಲೆ ಇದೆ. ನಾನು 40ನೇ ದಿನವನ್ನು ಶುರು ದಿನ ಮಾಡಿ, 45ನೆಯದನ್ನು ಗಡುವು ಮಾಡುತ್ತೇನೆ. ನಡುವಿನ ಐದು ದಿನ ಮಳೆ ಹೊಳವಾಗುವುದನ್ನು ಕಾಯಲಿಕ್ಕೆ.

ಅದೇ ಆ್ಯಪ್‌ನಲ್ಲಿ ದಿನಾಂಕ ಬೇರೆ, ಡೆಡ್‌ಲೈನ್ ಬೇರೆ ಇಡಬಹುದು. ಆ್ಯಪಲ್ ಫೋನಿನ ಥಿಂಗ್ಸ್‌ನಲ್ಲೂ ಹಾಗೆಯೇ. ನಿಮ್ಮಲ್ಲಿ ಇರುವುದು ಒಂದೇ ಜಾಗವಾದರೆ ಅಲ್ಲಿ ಶುರು ದಿನ ಹಾಕಿ, ಗಡುವನ್ನು ಕೆಲಸದ ಹೆಸರಿನಲ್ಲೇ ಬರೆಯಿರಿ: ‘ಮನೆ ಕಂದಾಯ, ಏ. 30ರೊಳಗೆ’. ಕಾಗದದ ಡೈರಿಗೂ ಇದು ನಡೆಯುತ್ತದೆ.

ಶುರು ದಿನವನ್ನು ಎಷ್ಟು ಹಿಂದೆ ಇಡಬೇಕು ಎಂಬಲ್ಲಿ ನಮ್ಮ ಅಂದಾಜನ್ನು ನಂಬುವಂತಿಲ್ಲ. ತಮ್ಮನ ಮಗಳು ಶಂಕರಘಟ್ಟದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಗ ಪ್ರಾಜೆಕ್ಟ್ ವರದಿಯ ಬಗ್ಗೆ “ಅತ್ತೆ, ಬರೆಯೋದು ಒಂದು ವಾರದ ಕೆಲಸ ಅಷ್ಟೆ” ಎಂದಳು. ಅವಳಿಗೆ ನಾನು 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದ ವಿಷಯ ಹೇಳಿದೆ. ಬ್ಯೂಲರ್, ಗ್ರಿಫಿನ್, ರಾಸ್ ಎಂಬ ಮನೋವಿಜ್ಞಾನಿಗಳು ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನ ಬೇಕು ಎಂದು ಕೇಳಿದ್ದರು. ಸರಾಸರಿ ಅಂದಾಜು 33.9 ದಿನ, ಹಿಡಿದದ್ದು 55.5 ದಿನ. ಎಲ್ಲವೂ ಕೆಟ್ಟರೆ ಎಷ್ಟಾದೀತು ಎಂಬ ಪ್ರಶ್ನೆಗೂ ಅವರು ಹೇಳಿದ್ದು 48.6 ಮಾತ್ರ. ನಾವಿಬ್ಬರೂ ಕೂತು ಅವಳ ಅಂದಾಜಿಗೆ ಅದರ ಮುಕ್ಕಾಲು ಪಾಲು ಕೂಡಿಸಿ ಶುರು ದಿನ ಹಿಂದಕ್ಕೆ ತಂದೆವು. ಗೈಡ್ ಓದಿ ತಿದ್ದಿಕೊಡಲು ಹಿಡಿಯುವ ಸಮಯವನ್ನು ಅವರನ್ನೇ ಕೇಳಿ ಬೇರೆಯಾಗಿ ಬರೆದಳು. ವರದಿ ಬೈಂಡಿಂಗ್‌ಗೆ ಹೋಗುವ ಹೊತ್ತಿಗೆ ಅವಳ ಕೈಯಲ್ಲಿ ಇನ್ನೂ ದಿನಗಳಿದ್ದವು. ನನಗೆ ಅವಳಿಗಿಂತ ಹೆಚ್ಚು ಖುಷಿಯಾಗಿತ್ತು.

ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಗಡುವುಗಳನ್ನು ಮಾತ್ರ ನೋಡುತ್ತೇನೆ, ಮುಂದಿನ ಹದಿನಾಲ್ಕು ದಿನದ್ದು, ಹೆಚ್ಚೂಕಮ್ಮಿ ಒಂದು ಮಳೆ ನಕ್ಷತ್ರದಷ್ಟು. ಗಡುವು ಮುಂದೆ ಹೋಗುತ್ತದಂತೆ ಎಂಬ ಮಾತು ಕೇಳಿದರೆ ಪಟ್ಟಿ ಮುಟ್ಟುವುದಿಲ್ಲ. 2025ರಲ್ಲಿ ರಿಟರ್ನ್ಸ್ ಗಡುವನ್ನು ಸೆಪ್ಟೆಂಬರ್‌ಗೆ ಒಯ್ದರು ನಿಜ, ಆದರೆ ಪ್ರಕಟವಾದ ಮೇಲಷ್ಟೇ ನಾನು ತಿದ್ದಿದ್ದು.

ಮಳೆಗಾಲಕ್ಕೆ ಒಂದು ಪ್ರತ್ಯೇಕ ಏರ್ಪಾಡು ಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಕಡೆ ಮರ ಬಿದ್ದು ಲೈನ್ ಹೋದರೆ ಕರೆಂಟು, ನೆಟ್‌ವರ್ಕ್ ಎರಡೂ ಯಾವಾಗ ಬರುತ್ತವೆ ಎಂದು ಹೇಳಲಾಗದು. ಆ ಮೂರು ತಿಂಗಳು ಆನ್‌ಲೈನ್‌ನಲ್ಲಿ ಕಟ್ಟಬೇಕಾದ ಎಲ್ಲದರ ಗಡುವನ್ನೂ ಹಾಗೇ ಬಿಟ್ಟು, ಶುರು ದಿನವನ್ನು ಹತ್ತು ದಿನ ಹಿಂದಕ್ಕೆ ಎಳೆಯುತ್ತೇನೆ. ಗಡುವನ್ನೇ ಸುಳ್ಳಾಗಿ ಹಿಂದಕ್ಕೆ ಬರೆಯುವವರಿದ್ದಾರೆ, ನಾನು ಬರೆಯುವುದಿಲ್ಲ. ಮೇ ಕೊನೆಗೆ ಆ ಮೂರು ತಿಂಗಳ ಗಡುವುಗಳನ್ನು ಒಂದು ಹಾಳೆಯಲ್ಲಿ ಬರೆದು ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸುತ್ತೇನೆ. ಫೋನ್ ಚಾರ್ಜ್ ಇಲ್ಲದ ದಿನ ಮನೆಯವರು ಯಾರು ಪೇಟೆಗೆ ಹೊರಟರೂ ಅದನ್ನೊಮ್ಮೆ ನೋಡಿಕೊಂಡು ಹೋಗುತ್ತಾರೆ.