ರಾಗಿ ಕಾಳಿನ ಬ್ರೌನ್, ರಾಗಿ ಹಿಟ್ಟಿನ ಬ್ರೌನ್

ನನ್ನದು ಎಣ್ಣೆಗೆಂಪು ಮೈಬಣ್ಣ. ಮೊದಲ ಸಲ ಬ್ರೌನ್ ಲಿಪ್‌ಸ್ಟಿಕ್ ಕೊಂಡಿದ್ದು ಚಿಕ್ಕಮ್ಮನ ಮಗಳ ಮದುವೆಗೆ. ಅಂಗಡಿಯಲ್ಲಿ ಮುಂಗೈಗೆ ಹಚ್ಚಿ ನೋಡಿದಾಗ ಹಾಲು ಜಾಸ್ತಿ ಬಿದ್ದ ಕಾಫಿ ಥರ ಚೆನ್ನಾಗಿಯೇ ಇತ್ತು. ಛತ್ರಕ್ಕೆ ಹೋದರೆ ಮೂರು ಜನ ಕೇಳಿದರು, "ಯಾಕಮ್ಮಾ, ಹುಷಾರಿಲ್ವಾ?" ಕನ್ನಡಿ ನೋಡಿಕೊಂಡೆ. ತುಟಿಗೆ ವಿಭೂತಿ ಬಳಿದ ಹಾಗಿತ್ತು. ಅಲ್ಲೇ ಕರ್ಚೀಫಿನಿಂದ ಒರೆಸಿಬಿಟ್ಟೆ. ಆಮೇಲೆ ಎಷ್ಟೋ ವರ್ಷ ಬ್ರೌನ್ ಮುಟ್ಟಲಿಲ್ಲ.

ಈಗ ತುಮಕೂರಿನಲ್ಲಿ, ಬಿ.ಎಚ್. ರಸ್ತೆಯಿಂದ ಸ್ವಲ್ಪ ಒಳಗೆ, ನನ್ನದೇ ಪಾರ್ಲರ್ ಇದೆ. ಗುಬ್ಬಿ, ಸಿರಾ, ಕೊರಟಗೆರೆ ಕಡೆಯಿಂದಲೂ ಮದುವಣಗಿತ್ತಿಯರು ಮೇಕಪ್‌ಗೆ ಬರುತ್ತಾರೆ. ನಾನು ಜಾಸ್ತಿ ಬಳಸುವುದೇ ಬ್ರೌನ್.

ಅವತ್ತು ಎಡವಿದ್ದು ಎಲ್ಲಿ ಅಂತ ಗೊತ್ತಾಗಿದ್ದು ಈ ಕೆಲಸ ಕಲಿತ ಮೇಲೆ. ಲಿಪ್‌ಸ್ಟಿಕ್‌ಗೆ ಬ್ರೌನ್ ಬಣ್ಣ ಬರುವುದು ಹೆಚ್ಚಾಗಿ ಐರನ್ ಆಕ್ಸೈಡ್‌ನಿಂದ. ಕೆಂಪು, ಹಳದಿ, ಕಪ್ಪು, ಮೂರೂ ಇವೆ. ಬಣ್ಣ ತಿಳಿ ಮಾಡಲು ಟೈಟಾನಿಯಂ ಡೈಆಕ್ಸೈಡ್ ಅನ್ನೋ ಬಿಳಿ ಪುಡಿ ಸೇರಿಸುತ್ತಾರೆ. ಆ ಬಿಳಿ ಜಾಸ್ತಿಯಾದರೆ ನಮ್ಮಂಥವರ ತುಟಿ ಮೇಲೆ ಬೂದಿ ಬೂದಿ. ನಮ್ಮ ರಾಗಿಯನ್ನೇ ನೋಡಿ. ಕಾಳು ಕೆಂಪು ಮಿಶ್ರಿತ ಕಂದು. ಬೀಸಿದರೆ ಒಳಗಿನ ಬಿಳಿ ಬೆರೆತು ಹಿಟ್ಟು ಮಾಸಲಾಗುತ್ತದೆ. ಎಣ್ಣೆಗೆಂಪು, ಕಪ್ಪು ಮೈಬಣ್ಣಕ್ಕೆ ನಾನು ಹಿಟ್ಟಿನ ಬಣ್ಣ ತೆಗೆಯುವುದೇ ಇಲ್ಲ. ರಾಗಿ ಕಾಳು, ಇಟ್ಟಿಗೆ, ಹಳೇ ಹುಣಸೆಹಣ್ಣು, ಡಾರ್ಕ್ ಚಾಕಲೇಟ್, ಇವೇ ನಮ್ಮ ಬಣ್ಣಗಳು. ಮ್ಯಾಕ್ ಕಂಪನಿಯ ಲಿಪ್‌ಸ್ಟಿಕ್‌ನಲ್ಲಿ ಚಿಲಿ ಅನ್ನೋ ಶೇಡ್ ನಮ್ಮಲ್ಲಿ ಅಷ್ಟು ಜನಕ್ಕೆ ಒಪ್ಪುವುದು ಅದರ ಇಟ್ಟಿಗೆ ಕೆಂಪಿನಿಂದಲೇ.

ಗೋಧಿ ಬಣ್ಣದವರಿಗೆ ದಾಲ್ಚಿನ್ನಿ, ಬೆಲ್ಲದ ಬಣ್ಣ ಸುಲಭವಾಗಿ ಕೂರುತ್ತದೆ. ಬೆಳ್ಳಗಿರುವವರಲ್ಲಿ ಕೆನ್ನೆ ಗುಲಾಬಿಯಾಗಿದ್ದರೆ ಗುಲಾಬಿ ಬೆರೆತ ಬ್ರೌನ್, ಹಳದಿ ಛಾಯೆ ಇದ್ದರೆ ಕ್ಯಾರಮೆಲ್. ತಲೆ ನರೆತ ಅಮ್ಮಂದಿರಿಗೆ ಹೊಳಪಿಲ್ಲದ ಒಣ ಮ್ಯಾಟ್ ಬೇಡ, ಮುಖ ಬಾಡಿದ ಹಾಗೆ ಕಾಣುತ್ತದೆ. ಸ್ವಲ್ಪ ಹೊಳಪಿರುವ, ಗುಲಾಬಿ ಕಡೆಗೆ ವಾಲುವ ಬ್ರೌನ್ ಸಾಕು.

ಮೈಬಣ್ಣಕ್ಕಿಂತ ಮೊದಲು ನಾನು ನೋಡುವುದು ತುಟಿಯ ಸ್ವಂತ ಬಣ್ಣ. ಮುಂಗೈ ಮೇಲೆ ಶೇಡ್ ನೋಡಬೇಡಿ. ಬೆರಳ ತುದಿಯ ಒಳಭಾಗಕ್ಕೆ ಹಚ್ಚಿ, ಅದು ತುಟಿಗೆ ಹತ್ತಿರದ ಬಣ್ಣ. ಹಚ್ಚಿಕೊಂಡು ಅಂಗಡಿ ಬಾಗಿಲಿಗೆ ಬನ್ನಿ. ಒಳಗಿನ ಬಿಳಿ ಟ್ಯೂಬ್‌ಲೈಟಿಗೂ ಹೊರಗಿನ ಬಿಸಿಲಿಗೂ ಬ್ರೌನ್ ಬದಲಾಗುವಷ್ಟು ಬೇರೆ ಬಣ್ಣ ಬದಲಾಗುವುದನ್ನು ನಾನು ಕಂಡಿಲ್ಲ.

ಹೋದ ಸೀಸನ್‌ನಲ್ಲಿ ಗುಬ್ಬಿ ಕಡೆಯ ಹುಡುಗಿಯೊಬ್ಬಳು ಟ್ರಯಲ್‌ಗೆ ಬಂದಿದ್ದಳು. ಡಬ್ಬಿ ತೆರೆಯುವ ಮೊದಲೇ, "ಅಕ್ಕಾ, ಬ್ರೌನ್ ಮಾತ್ರ ಬೇಡ. ಇನ್ನೂ ಕಪ್ಪಗೆ ಕಾಣ್ತೀನಿ ಅಂತಾರೆ ನಮ್ಮತ್ತೆ," ಅಂದಳು. ಈ ಮಾತು ಕೇಳಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಎಷ್ಟು ಚೆಂದದ ಮೈಬಣ್ಣ, ಅದನ್ನು ಮುಚ್ಚಿಡಬೇಕು ಅಂತ ಯಾರು ಹೇಳಿಕೊಟ್ಟರು?

"ಒಂದು ಸಲ ಹಾಕಿ ನೋಡೋಣಮ್ಮ, ಬೇಡ ಅಂದ್ರೆ ಒರೆಸ್ತೀನಿ," ಅಂದೆ. ನಮ್ಮಲ್ಲಿ ಬಹಳ ಜನರ ಹಾಗೆ ಅವಳ ಮೇಲ್ತುಟಿ ಕಪ್ಪು, ಕೆಳತುಟಿ ನಡುವೆ ಗುಲಾಬಿ. ಒಂದೇ ಲಿಪ್‌ಸ್ಟಿಕ್ ಎರಡು ಬಣ್ಣವಾಗುವುದು ಇಂಥಲ್ಲೇ. ಕೆಳತುಟಿಗೆ ಪೂರ್ತಿ ಕಂದು ಲಿಪ್ ಪೆನ್ಸಿಲ್ ತೆಳ್ಳಗೆ ತುಂಬಿದೆ. ಮೇಲ್ತುಟಿಗೆ ಅಂಚು ಮಾತ್ರ. ಎರಡೂ ಸಮ ಆದ ಮೇಲೆ ಇಟ್ಟಿಗೆ ಬ್ರೌನನ್ನು ಬ್ರಶ್‌ನಲ್ಲಿ ನಡುವಿನಿಂದ ಅಂಚಿಗೆ ಎಳೆದೆ. ಟಿಶ್ಯೂ ಒತ್ತಿ ತೆಗೆದು, ಬೆರಳಲ್ಲಿ ಗಡಿ ಕರಗಿಸಿದೆ.

ಅವಳು ಕೈಗನ್ನಡಿ ತಗೊಂಡು ಬಾಗಿಲಿಗೆ ಹೋದಳು. ಬಿಸಿಲಲ್ಲಿ ನಿಂತು ಆ ಕಡೆ ಈ ಕಡೆ ಮುಖ ತಿರುಗಿಸಿ ತುಂಬ ಹೊತ್ತು ನೋಡಿಕೊಂಡಳು. ಆಮೇಲೆ ಅಲ್ಲಿಂದಲೇ ಕೇಳಿದಳು, "ಅಕ್ಕಾ, ಧಾರೆಗೂ ಇದನ್ನೇ ಹಾಕ್ತೀರಾ?"