ವಿನೆಗರ್ ಡ್ರಮ್ಮಿನ ನಲ್ಲಿ ಬಿಚ್ಚಿ ತೊಳೆಯಿರಿ

ಕಾಸರಗೋಡಿನ ಪೆರ್ಲದ ಕಡೆ ನಮ್ಮ ಮನೆಯಲ್ಲಿ ಕೊಬ್ಬರಿಗೆಂದು ಕಾಯಿ ಒಡೆಯುವ ದಿನ ಬಕೆಟ್ಟುಗಟ್ಟಲೆ ನೀರು ಸಿಗುತ್ತದೆ. ಸುಮ್ನೆ ಚೆಲ್ಲಲು ಮನಸ್ಸಾಗದೆ ಅದರಲ್ಲಿ ವಿನೆಗರ್ ಮಾಡುತ್ತೇನೆ. ಬಲಿತ ಕಾಯಿಯ ನೀರಿನಲ್ಲಿ ಸಿಹಿ ಸಾಲದು, ಸಕ್ಕರೆ ಸೇರಿಸಬೇಕು. ಮೊದಲು ಯೀಸ್ಟ್ ಕೆಲಸ ಮಾಡುತ್ತದೆ, ಆಮೇಲೆ ಗಾಳಿ ಸಿಕ್ಕಿದಾಗ ಅಸಿಟಿಕ್ ಬ್ಯಾಕ್ಟೀರಿಯಾ ಹುಳಿ ಬರಿಸುತ್ತದೆ. ಇದನ್ನೆಲ್ಲ ಹೇಳಿಕೊಡುವವರು ತುಂಬ ಮಂದಿ ಇದ್ದಾರೆ. ಪಾತ್ರೆ ತೊಳೆಯುವುದರ ಬಗ್ಗೆ ಮಾತಾಡುವವರು ಕಡಿಮೆ. ವಿನೆಗರ್ ಕೆಡುವುದು ಜಾಸ್ತಿ ಅಲ್ಲೇ.

ಕೊಳೆ ತೆಗೆಯುವುದು ಬೇರೆ, ಸೂಕ್ಷ್ಮಜೀವಿ ಕೊಲ್ಲುವುದು ಬೇರೆ. ಜಿಡ್ಡು ಹಾಗೇ ಇದ್ದರೆ ಮೇಲಿಂದ ಏನು ಹೊಯ್ದರೂ ಅದರ ಅಡಿಗೆ ಇಳಿಯುವುದಿಲ್ಲ. ಹಾಗಾಗಿ ಮೊದಲು ಕೊಳೆ.

ಅತಿ ಹೆಚ್ಚು ಕೊಳೆ ಕೂರುವುದು ಡ್ರಮ್ಮಿನ ಬುಡದ ನಲ್ಲಿಯಲ್ಲಿ. ಹೊರಗಿಂದ ನೋಡಿದರೆ ಫಳಫಳ ಅನ್ನುತ್ತದೆ. ಬಿಚ್ಚಿ, ರಬ್ಬರ್ ವಾಷರ್ ಎಬ್ಬಿಸಿ ಉಗುರಿನಲ್ಲಿ ಕೆರೆದು ನೋಡಿ. ಬೂದು ಬಣ್ಣದ ಲೋಳೆ ಬರುತ್ತದೆ, ಬೆರಳಿಗೆ ಜಾರುತ್ತದೆ, ಹಳಸಿದ ವಾಸನೆ. ಹೊಸ ನೀರು ತುಂಬಿದರೆ ಮೊದಲು ಕಲೆಯುವುದೇ ಇದು. ಪ್ರತಿ ಸಲ ಡ್ರಮ್ ಖಾಲಿಯಾದಾಗ ನಲ್ಲಿಯನ್ನು ಪೂರ್ತಿ ಬಿಚ್ಚುತ್ತೇನೆ. ತಿರುಪಿನ ಎಳೆಗಳಿಗೆ ಹಳೆ ಹಲ್ಲುಜ್ಜುವ ಬ್ರಶ್ ಸಾಕು. ವಾಷರ್ ಗಟ್ಟಿಯಾಗಿದ್ದರೆ ಅಥವಾ ಸೀಳಿದ್ದರೆ ಬದಲಿಸಿಬಿಡಿ, ನಾಲ್ಕು ಕಾಸಿನ ವಸ್ತು.

ತೊಳೆಯಲು ನನಗೆ ವಾಷಿಂಗ್ ಸೋಡಾ ಇಷ್ಟ. ಲೀಟರ್ ಬಿಸಿನೀರಿಗೆ ಒಂದು ದೊಡ್ಡ ಚಮಚ, ರಾತ್ರಿಯಿಡೀ ನೆನೆಯಲಿ. ಕೈಗೆ ಗ್ಲೌಸ್ ಇರಲಿ. ಬೆಳಗ್ಗೆ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಲೋಳೆ ತಾನಾಗಿ ಬಿಡುತ್ತದೆ. ಪ್ಲಾಸ್ಟಿಕ್ಕಿಗೆ ಸ್ಟೀಲ್ ನಾರು ಬೇಡವೇ ಬೇಡ. ಗೀರು ಬಿದ್ದ ಕಡೆ ಬ್ಯಾಕ್ಟೀರಿಯಾ ಅಡಗಿ ಕೂರುತ್ತದೆ. ಅಲ್ಯೂಮಿನಿಯಂ ಪಾತ್ರೆಗೂ ಸೋಡಾ ತಾಗಿಸಬೇಡಿ, ಕಪ್ಪಾಗಿ ಸವೆಯುತ್ತದೆ. ಕೊನೆಗೆ ಜಾರುವುದು ನಿಲ್ಲುವ ತನಕ ನೀರು ಹೊಯ್ಯಬೇಕು. ನಮ್ಮಲ್ಲಿ ಗುಡ್ಡ ಕೊರೆದು ತೆಗೆದ ಸುರಂಗದ ನೀರು ಇರುವುದು ಒಳ್ಳೆಯದೇ ಆಯಿತು. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಗಾಜಿನ ಮೇಲೆ ಕೆಂಪು ಕಲೆ ಉಳಿಯುತ್ತದೆ. ಅದಕ್ಕೆ ಸಿಟ್ರಿಕ್ ಆಸಿಡ್ ಹಾಕಿ ತೊಳೆದರೆ ಹೋಗುತ್ತದೆ.

ಇನ್ನು ಸೂಕ್ಷ್ಮಜೀವಿಗಳ ವಿಷಯ. ಗಾಜಿನ ಬಾಟಲಿಗಳನ್ನು ತಣ್ಣೀರಿನಲ್ಲಿ ಮುಳುಗಿಸಿ ಒಲೆಗಿಟ್ಟು, ಕುದಿ ಬಂದ ಮೇಲೆ ಹತ್ತು ನಿಮಿಷ ಬಿಡಿ. ತಣ್ಣಗಿನ ಗಾಜಿಗೆ ಕುದಿನೀರು ಹೊಯ್ದರೆ ಒಡೆಯುತ್ತದೆ. ಸಿಲಿಕೋನ್ ಪೈಪು, ಬಾಯಿಗೆ ಕಟ್ಟುವ ಬಟ್ಟೆ, ಎಲ್ಲ ಅದರ ಜೊತೆಗೇ ಬೇಯಲಿ. ಡ್ರಮ್ಮನ್ನು ಕುದಿಸಲು ಆಗುವುದಿಲ್ಲ ಅಲ್ವಾ? ಅದಕ್ಕೆ ಸ್ಕ್ವಾಶ್ ಕೆಡದಂತೆ ಹಾಕುವ ಕೆ.ಎಂ.ಎಸ್. (ಪೊಟ್ಯಾಸಿಯಂ ಮೆಟಾಬೈಸಲ್ಫೈಟ್) ಪುಡಿ, ಜೊತೆಗೆ ಚಿಟಿಕೆ ಸಿಟ್ರಿಕ್ ಆಸಿಡ್. ಹುಳಿ ಇದ್ದರೇ ಅದು ಚುರುಕಾಗುವುದು. ಹೊಗೆ ಮೂಗಿಗೆ ಅಡರುತ್ತದೆ, ಆದ್ದರಿಂದ ಅಂಗಳದಲ್ಲೇ ಮಾಡಿ. ಆಸ್ತಮಾ ಇರುವವರು ಹತ್ತಿರ ಬರುವುದು ಬೇಡ. ಆಮೇಲೆ ಕುದಿಸಿ ಆರಿಸಿದ ನೀರಿನಲ್ಲಿ ಚೆನ್ನಾಗಿ ತೊಳೆಯದಿದ್ದರೆ ಯೀಸ್ಟೂ ಏಳುವುದಿಲ್ಲ.

ಬ್ಲೀಚ್ ಬೇಡ. ಎಲ್ಲೋ ಉಳಿದ ವಿನೆಗರ್ ಅದಕ್ಕೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅದು ಅಪಾಯ.

ಅಮ್ಮ ಉಪ್ಪಿನಕಾಯಿ ಭರಣಿಗೆ ಇಂಗಿನ ಹೊಗೆ ಹಿಡಿಯುತ್ತಾರೆ. ಉಪ್ಪಿನಕಾಯಿಗೆ ಅದು ಚಂದ, ವಿನೆಗರ್‌ಗೆ ವಾಸನೆ ಅಂಟಿಕೊಳ್ಳುತ್ತದೆ. ಒಳಗಿನ ಮೆರುಗು ಬಿರುಕು ಬಿಟ್ಟ ಭರಣಿಯಲ್ಲಿ ಹುಳಿ ಇಡಲೇಬಾರದು. ತಾಮ್ರ, ಹಿತ್ತಾಳೆಯಲ್ಲೂ ಅಷ್ಟೇ.

ಜೋರು ಮಳೆಯ ಆಟಿ ತಿಂಗಳಲ್ಲಿ ಒಣಗಿಸುವುದೇ ದೊಡ್ಡ ತಲೆನೋವು. ಬಿಸಿಲು ಕಾಣುವುದಿಲ್ಲ, ಒದ್ದೆ ಡ್ರಮ್ಮಿಗೆ ಮುಚ್ಚಳ ಹಾಕಿದರೆ ಬೂಸ್ಟು ಗ್ಯಾರಂಟಿ. ನಾನು ಒಲೆಯ ಮೇಲಿನ ಅಟ್ಟದಲ್ಲಿ ಶಾಖ ತಾಗುವ ಹಾಗೆ ಬೋರಲು ಇಡುತ್ತೇನೆ. ನಲ್ಲಿಯ ಭಾಗಗಳು ಬಿಡಿಬಿಡಿಯಾಗಿ ತಟ್ಟೆಯಲ್ಲಿ. ಗುಂಗುರು ನೊಣ ಬಾರದಂತೆ ಮೇಲೊಂದು ತೆಳು ಬಟ್ಟೆ. ಮುಂದಿನ ಸಲ ಕಾಯಿ ಒಡೆಯುವ ಹಿಂದಿನ ದಿನವೇ ನಲ್ಲಿ ಜೋಡಿಸಿ, ಬರೀ ನೀರು ತುಂಬಿಸಿ ಸೋರುತ್ತದಾ ನೋಡುತ್ತೇನೆ.