ಕೊಡಗಿನಲ್ಲಿ ಮೊದಲ ಹೋಟೆಲ್: ಜುಲೈ ತಿಂಗಳ ಲೆಕ್ಕದಿಂದ ಶುರು ಮಾಡಿ

ದಸರಾ ಹೊತ್ತಿಗೆ ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪದ ಕಡೆ ಹೊಸ ಹೋಟೆಲ್ ಬೋರ್ಡುಗಳು ಕಾಣಿಸುತ್ತವೆ. ಮುಂದಿನ ಆಗಸ್ಟ್ ಬರುವಾಗ ಅವುಗಳಲ್ಲಿ ಕೆಲವಕ್ಕೆ ಬೀಗ ಬಿದ್ದಿರುತ್ತದೆ. ಅಡುಗೆ ಕೆಟ್ಟದಾಗಿತ್ತು ಅಂತಲ್ಲ. ಪಂದಿ ಕರಿ (ಹಂದಿಮಾಂಸದ ಅಡುಗೆ), ಕಡಂಬುಟ್ಟು (ಅಕ್ಕಿ ಕಡುಬು) ಮನೆಯಲ್ಲಿ ಮಾಡಿದಷ್ಟೇ ರುಚಿಯಾಗಿದ್ದ ಜಾಗಗಳೂ ಮುಚ್ಚಿವೆ. ಕೈಯಲ್ಲಿದ್ದ ದುಡ್ಡು ಮಳೆಗಾಲದ ಮಧ್ಯದಲ್ಲೇ ಖಾಲಿಯಾಗಿತ್ತು. ಡಿಸೆಂಬರ್ ಕೊನೆಯ ವಾರದ ಜನಜಂಗುಳಿ ನೋಡಿ ಲೆಕ್ಕ ಹಾಕಿದವರು ಹೀಗೆ ಸೋಲುವುದನ್ನು ನೋಡಿ ನೋಡಿ ಬೇಸತ್ತು ಇದನ್ನು ಬರೆಯುತ್ತಿದ್ದೇನೆ.

1. ಯಾರಿಗೆ ಊಟ ಹಾಕುತ್ತೀರಿ?

ಪ್ರವಾಸಿಗರಿಗೋ, ಊರವರಿಗೋ? ನನ್ನ ಮಟ್ಟಿಗೆ ಊರವರೇ ಮೊದಲು. ತಾಲ್ಲೂಕು ಕಚೇರಿಗೆ ಬಂದವರು, ಬ್ಯಾಂಕ್ ಸಿಬ್ಬಂದಿ, ಬಸ್ಸಿಗೆ ಕಾಯುವವರು, ಮಡಿಕೇರಿಯಾದರೆ ಶುಕ್ರವಾರದ ಸಂತೆಗೆ ಬರುವವರು. ಇವರು ಜಡಿಮಳೆಯಲ್ಲೂ ಬರುತ್ತಾರೆ. ಶನಿವಾರ, ಭಾನುವಾರ ಬೆಂಗಳೂರಿನಿಂದ ಬರುವವರನ್ನು ಮೇಲಿನ ಲಾಭ ಅಂದುಕೊಳ್ಳಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಪ್ರವಾಸಿಗರು ಪೂರ್ತಿ ನಿಂತೇಹೋಗಿದ್ದರು. ಪ್ರವಾಸಿಗರನ್ನೇ ನಂಬಿದವರ ಕಷ್ಟ ಜಿಲ್ಲೆಯಲ್ಲಿ ಎಲ್ಲರಿಗೂ ನೆನಪಿದೆ.

2. ಜಾಗ

ಬಾಡಿಗೆ ತಿಂಗಳ ಮಾರಾಟದ ಹತ್ತರಲ್ಲಿ ಒಂದು ಪಾಲು ದಾಟಬಾರದು. ಕರಾರು 11 ತಿಂಗಳದ್ದು ಬೇಡ, ಕನಿಷ್ಠ 5 ವರ್ಷದ್ದು ಮಾಡಿಸಿ, ರಿಜಿಸ್ಟರ್ ಮಾಡಿಸಿ. ಅಡುಗೆಮನೆಗೆ ಹಾಕಿದ ಟೈಲ್ಸ್, ಚಿಮಣಿ, ಚರಂಡಿಯನ್ನು ಬಿಚ್ಚಿ ಹೊತ್ತುಕೊಂಡು ಹೋಗಲು ಆಗುವುದಿಲ್ಲ, ಅಲ್ವಾ? ಸ್ವಂತ ಬಾಣೆ ಜಾಗದಲ್ಲಿ (ಗದ್ದೆಗೆ ಸೇರಿದ ಎತ್ತರದ ಜಾಗ) ಕಟ್ಟುವ ಯೋಚನೆ ಇದ್ದರೆ, ಮೊದಲು ಭೂಪರಿವರ್ತನೆ ಆಗುತ್ತದೆಯೇ ಕೇಳಿ, ಆಮೇಲೆ ಇಟ್ಟಿಗೆ ತರಿಸಿ.

3. ಜುಲೈ ಲೆಕ್ಕ

ಇಲ್ಲಿಯೇ ಎಲ್ಲರೂ ಎಡವುವುದು. ಆದ್ದರಿಂದ ಕಾಗದ, ಪೆನ್ನು ತೆಗೆದುಕೊಂಡೇ ಓದಿ. ನಾನು ಕೊಡುವ ಅಂಕಿಗಳು ಉದಾಹರಣೆಗೆ ಮಾತ್ರ. ಆ ಜಾಗದಲ್ಲಿ ನಿಮ್ಮೂರಿನ ಅಂಕಿ ಹಾಕಿ.

ಒಬ್ಬ ಗಿರಾಕಿ ಬಾರದಿದ್ದರೂ ಕೊಡಲೇಬೇಕಾದ ಖರ್ಚನ್ನು ಮೊದಲು ಬರೆಯಿರಿ. ಬಾಡಿಗೆ 20,000. ಅಡುಗೆಯವರು, ಸಹಾಯಕರು, ಬಡಿಸಲು ಮತ್ತು ತೊಳೆಯಲು ಇಬ್ಬರು, ಒಟ್ಟು ನಾಲ್ಕು ಜನರ ಸಂಬಳ 68,000. ಕರೆಂಟು, ನೀರು 8,000. ಚಿಲ್ಲರೆ ರಿಪೇರಿ, ಫೋನು 4,000. ಸಾಲದ ಕಂತು 15,000. 7 ಲಕ್ಷವನ್ನು ಶೇ 11ರ ಬಡ್ಡಿಗೆ 5 ವರ್ಷಕ್ಕೆ ತೆಗೆದರೆ ಕಂತು ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಎಲ್ಲ ಕೂಡಿದರೆ ತಿಂಗಳಿಗೆ 1,15,000.

ಈಗ ತಟ್ಟೆಯ ಲೆಕ್ಕ. 100 ರೂಪಾಯಿ ಮಾರಾಟದಲ್ಲಿ 40 ರೂಪಾಯಿ ಅಕ್ಕಿ, ಮಾಂಸ, ತರಕಾರಿ, ಗ್ಯಾಸಿಗೆ ಹೋಗುತ್ತದೆ ಅಂದುಕೊಳ್ಳಿ. ಉಳಿಯುವುದು 60. ಈ 60ರಿಂದಲೇ ಆ 1,15,000 ಹೊರಡಬೇಕು. ಅಂದರೆ ತಿಂಗಳ ಮಾರಾಟ ಸುಮಾರು 1,92,000 ಆಗಬೇಕು. ತಿಂಗಳಿಗೆ 26 ದಿನ ಬಾಗಿಲು ತೆರೆದರೆ ದಿನಕ್ಕೆ 7,400 ರೂಪಾಯಿ. ಒಬ್ಬರ ಬಿಲ್ಲು 120 ಆದರೆ ದಿನಕ್ಕೆ 62 ಜನ. ಮನೆಯವರ ಕೈಗೆ ಒಂದು ಪೈಸೆಯೂ ಬಾರದೆ, ಸುಮ್ನೆ ಬಾಗಿಲು ತೆರೆದಿಡಲು ಬೇಕಾದ ಜನ ಇಷ್ಟು.

ಜನವರಿಯಲ್ಲಿ 62 ಜನ ಕಷ್ಟವಲ್ಲ. ಜುಲೈಯ ಮಂಗಳವಾರ, ಮರ ಬಿದ್ದು ರಸ್ತೆ ಬಂದ್ ಆದ ದಿನ ಬರುತ್ತಾರೆಯೇ? ಊಹಿಸಬೇಡಿ. ನೀವು ನೋಡಿಟ್ಟ ಜಾಗದ ಹತ್ತಿರದ ಹೋಟೆಲಿನಲ್ಲಿ ಮಳೆಗಾಲದ ವಾರದ ದಿನ ಮಧ್ಯಾಹ್ನ 12ರಿಂದ 3ರವರೆಗೆ ಕುಳಿತು ತಲೆ ಎಣಿಸಿ. ಒಂದು ದಿನ ಸಾಲದು, ಬೇರೆ ಬೇರೆ ವಾರಗಳಲ್ಲಿ ಹೋಗಿ. ದಿನಕ್ಕೆ 30 ಜನ ಎಂದು ಕಂಡರೆ ತಿಂಗಳ ಮಾರಾಟ 93,600. ಅದರಲ್ಲಿ ಉಳಿಯುವುದು 56,000 ಚಿಲ್ಲರೆ. ಬೇಕಾದದ್ದು 1,15,000. ತಿಂಗಳಿಗೆ 59,000 ಕೊರತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ತಿಂಗಳಿಗೆ 2,36,000.

ಈ 2,36,000 ನಿಮ್ಮ ಬಂಡವಾಳದ ಭಾಗ. ಫ್ರಿಜ್ಜು, ಒಲೆ, ಕುರ್ಚಿಗಳ ಜೊತೆಗೆ ಇದನ್ನೂ ಮೊದಲ ದಿನವೇ ಪಟ್ಟಿಗೆ ಸೇರಿಸಬೇಕು. ಹೆಚ್ಚಿನವರು ಇದನ್ನು ಬಿಟ್ಟು, ಇದ್ದ ದುಡ್ಡನ್ನೆಲ್ಲ ಗೋಡೆಯ ಅಲಂಕಾರಕ್ಕೆ ಸುರಿಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬಣ್ಣ ಮುಂದಿನ ವರ್ಷ ಹೊಡೆಸಬಹುದು, ಜುಲೈ ಸಂಬಳ ಜುಲೈಯಲ್ಲೇ ಕೊಡಬೇಕು. ಸಂಬಳ ತಡವಾದರೆ ಅಡುಗೆಯವರು ಹೋಗುತ್ತಾರೆ. ಕಾಫಿ ಕುಯ್ಲಿನ ಹೊತ್ತಿಗೆ ಹೊಸಬರನ್ನು ಹುಡುಕುವುದು ಇನ್ನೂ ಕಷ್ಟ, ಸಹಾಯಕರೆಲ್ಲ ತೋಟದ ಕೆಲಸಕ್ಕೆ ಹೊರಟಿರುತ್ತಾರೆ.

ಕೊರತೆ ತೀರಾ ಜಾಸ್ತಿ ಕಂಡರೆ ಹೋಟೆಲನ್ನೇ ಚಿಕ್ಕದು ಮಾಡಿ. 40 ಸೀಟಿನ ಬದಲು 20. ಮೆನುವಿನಲ್ಲಿ 60 ಐಟಂ ಬೇಡ. ಬೆಳಗ್ಗೆ ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ), ನೂಪುಟ್ಟು (ಒತ್ತು ಶಾವಿಗೆ), ಮಧ್ಯಾಹ್ನ ಊಟ, ಎರಡು ಬಗೆಯ ಮಾಂಸ, ಮಳೆಗಾಲದಲ್ಲಿ ಕಣಿಲೆ (ಎಳೆ ಬಿದಿರು), ಅಣಬೆ ಸಿಕ್ಕಿದಾಗ ಅದು. ಇಷ್ಟನ್ನು ಇಬ್ಬರೇ ನಿಭಾಯಿಸಬಹುದು.

4. ಸಾಲ

ತೋಟ ಅಡವಿಡಬೇಡಿ. ಜಮ್ಮಾ ಜಾಗವಾದರೆ (ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದದ್ದು) ಪಟ್ಟೆದಾರರ, ಅಂದರೆ ದಾಖಲೆಯಲ್ಲಿರುವ ಕುಟುಂಬದ ಹಿರಿಯರ ಹೆಸರು, ಕುಟುಂಬದ ಎಲ್ಲರ ಹಕ್ಕು, ಎಲ್ಲರ ಸಹಿ ಅಂತ ತಿಂಗಳುಗಟ್ಟಲೆ ಎಳೆಯುತ್ತದೆ. ಅದೆಲ್ಲ ಸರಿ ಇದ್ದರೂ, ಮೊದಲ ಹೋಟೆಲಿಗಾಗಿ ಮನೆಯವರ ಅನ್ನದ ದಾರಿಯನ್ನು ಪಣಕ್ಕಿಡುವುದು ತಪ್ಪು.

ಸಣ್ಣ ಉದ್ಯಮಕ್ಕೆಂದು ಇರುವ ಕೇಂದ್ರ ಸರ್ಕಾರದ ಮುದ್ರಾ ಯೋಜನೆಯ ಸಾಲಕ್ಕೆ ಅಡಮಾನ ಬೇಡ. ಶಿಶು ವರ್ಗದಲ್ಲಿ 50,000, ಕಿಶೋರದಲ್ಲಿ 5 ಲಕ್ಷ, ತರುಣದಲ್ಲಿ 10 ಲಕ್ಷದವರೆಗೆ ಸಿಗುತ್ತದೆ. ತರುಣ ಸಾಲ ತೀರಿಸಿದವರಿಗೆ 20 ಲಕ್ಷದವರೆಗೂ ಅವಕಾಶ ಇದೆ.

ಇನ್ನೊಂದು ದಾರಿ ಪಿಎಂಇಜಿಪಿ, ಅಂದರೆ ಹೊಸ ಉದ್ಯಮಕ್ಕೆ ಸಬ್ಸಿಡಿಯೊಂದಿಗೆ ಬ್ಯಾಂಕ್ ಸಾಲ ಕೊಡಿಸುವ ಪ್ರಧಾನ ಮಂತ್ರಿ ಉದ್ಯೋಗ ಸೃಷ್ಟಿ ಯೋಜನೆ. ಮಡಿಕೇರಿಯ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಈಗಿನ ನಿಯಮ ಕೇಳಿಕೊಂಡೇ ಮುಂದುವರಿಯಿರಿ. 2022ರ ಮಾರ್ಗಸೂಚಿಯಂತೆ ಸೇವಾ ಉದ್ಯಮಕ್ಕೆ 20 ಲಕ್ಷದವರೆಗಿನ ಯೋಜನೆ. ಸಾಮಾನ್ಯ ವರ್ಗಕ್ಕೆ ಪಟ್ಟಣದಲ್ಲಿ ಶೇ 15, ಹಳ್ಳಿಯಲ್ಲಿ ಶೇ 25 ಸಬ್ಸಿಡಿ. ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗದವರು, ಅಲ್ಪಸಂಖ್ಯಾತರು, ಮಾಜಿ ಸೈನಿಕರಿಗೆ ಶೇ 25 ಮತ್ತು 35. ನಮ್ಮ ಜಿಲ್ಲೆಯಲ್ಲಿ ನಿವೃತ್ತ ಸೈನಿಕರ ಮನೆಗಳು ಎಷ್ಟಿವೆ! ಅವರು ಇದನ್ನು ಬಿಡಬಾರದು.

ಎರಡು ವಿಷಯ ನೆನಪಿಡಿ. ಈ ಯೋಜನೆ ಹೊಸ ಉದ್ಯಮಕ್ಕೆ ಮಾತ್ರ, ಬಾಗಿಲು ತೆರೆದ ಮೇಲೆ ಅರ್ಜಿ ಹಾಕಿದರೆ ಪ್ರಯೋಜನ ಇಲ್ಲ. ಸಬ್ಸಿಡಿ ನಿಮ್ಮ ಕೈಗೂ ಬರುವುದಿಲ್ಲ. 3 ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿದ್ದು ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಅದನ್ನು ನಂಬಿ ಫ್ರೀಜರ್‌ಗೆ ಅಡ್ವಾನ್ಸ್ ಕೊಡಬೇಡಿ.

ಬ್ಯಾಂಕಿನಲ್ಲಿ ಎರಡು ಸಾಲ ಬೇರೆ ಬೇರೆಯಾಗಿ ಕೇಳಿ: ಸಾಮಾನಿಗೆ ಟರ್ಮ್ ಲೋನ್, ದಿನದ ಖರ್ಚಿಗೆ ವರ್ಕಿಂಗ್ ಕ್ಯಾಪಿಟಲ್. ಮೊದಲ ಕೆಲವು ತಿಂಗಳು ಕಂತಿಗೆ ರಿಯಾಯಿತಿ ಅವಧಿಯನ್ನೂ ಬರವಣಿಗೆಯಲ್ಲಿ ಕೇಳಿ. ಪ್ರಾಜೆಕ್ಟ್ ರಿಪೋರ್ಟನ್ನು ಏಜೆಂಟರಿಂದ ಕೊಳ್ಳಬೇಡಿ. ಹೆಸರು ಮಾತ್ರ ಬದಲಿಸಿದ ಹಳೆಯ ಪ್ರತಿಗಳವು, ವರ್ಷದ ಹನ್ನೆರಡು ತಿಂಗಳೂ ಒಂದೇ ಮಾರಾಟ ತೋರಿಸುತ್ತವೆ. ಮೇಲೆ ಹಾಕಿದ ಜುಲೈ ಲೆಕ್ಕವನ್ನೇ ಮ್ಯಾನೇಜರ್ ಮುಂದೆ ಇಡಿ. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಉಚಿತ, ಮೊಬೈಲಿನಲ್ಲೇ ಆಗುತ್ತದೆ. ಅದಕ್ಕೂ ಯಾರಿಗೂ ದುಡ್ಡು ಕೊಡಬೇಡಿ.

5. ಕಾಗದಪತ್ರ

ಪಂಚಾಯಿತಿ ಅಥವಾ ನಗರಸಭೆಯ ಟ್ರೇಡ್ ಲೈಸೆನ್ಸ್, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಅಥವಾ ಲೈಸೆನ್ಸ್, ಕಮರ್ಷಿಯಲ್ ಕರೆಂಟ್, 19 ಕೆ.ಜಿ.ಯ ಸಿಲಿಂಡರ್. ಮನೆ ಸಿಲಿಂಡರ್ ಹೋಟೆಲಿನಲ್ಲಿ ಸಿಕ್ಕಿಬಿದ್ದರೆ ಕೇಸು. ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ಬೇಕು. ನಮ್ಮ ಉದಾಹರಣೆಯ ಹೋಟೆಲ್ ದಾಟುತ್ತದೆ. ಕಾಂಪೋಸಿಷನ್‌ನಲ್ಲಿ (ಸಣ್ಣ ವ್ಯಾಪಾರಿಗಳು ಜಿಎಸ್‌ಟಿ ಕಟ್ಟುವ ಸರಳ ವಿಧಾನ) ಶೇ 5ನ್ನು ಗಿರಾಕಿಯ ಬಿಲ್ಲಿಗೆ ಸೇರಿಸುವಂತಿಲ್ಲ, ನಿಮ್ಮ ಆ 60 ರೂಪಾಯಿಯಿಂದಲೇ ಹೋಗುತ್ತದೆ. ಬೆಲೆ ನಿಗದಿ ಮಾಡುವಾಗಲೇ ಇದನ್ನು ನೋಡಿಕೊಳ್ಳಿ.

6. ಸಾಮಾನು

ಪಾತ್ರೆ, ಮೇಜು, ಒಲೆ ಸೆಕೆಂಡ್ ಹ್ಯಾಂಡ್ ತನ್ನಿ. ಫ್ರೀಜರ್ ಮಾತ್ರ ಹೊಸದೇ ಬೇಕು, ಜನರೇಟರೂ ಬೇಕು. ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆ ಹೇಳಲಾಗದು, ಒಂದು ಲೋಡ್ ಮಾಂಸ ಕೆಟ್ಟರೆ ವಾರದ ಲಾಭ ಹೋಯಿತು. ಪಂದಿ ಕರಿಗೆ ಹಾಕುವ ಹುಳಿ ಕಾಚಂಪುಳಿಯನ್ನು ಗೊತ್ತಿರುವ ಮನೆಗಳಿಂದಲೇ ತನ್ನಿ. ನೀರಾಗಿ ಹರಿಯುವ ಬಾಟಲಿ ಸರಕು ಬೇಡ. ಒಳ್ಳೆಯದು ಕಪ್ಪಗೆ, ಮಂದವಾಗಿ ಇರುತ್ತದೆ. ಕಾಡುಹಂದಿ ಇದೆಯಾ ಎಂದು ಕೇಳುವ ಪ್ರವಾಸಿಗರಿಗೆ ಇಲ್ಲ ಎಂದು ನೇರವಾಗಿ ಹೇಳಿ. 1972ರ ವನ್ಯಜೀವಿ ಕಾಯ್ದೆಯಡಿ ಅದು ಅಪರಾಧ.

7. ಯಾವಾಗ ತೆರೆಯಬೇಕು

ದಸರಾ ದಿನ ಬೇಡ. ಸೆಪ್ಟೆಂಬರ್ ಮೊದಲ ವಾರ ತೆರೆಯಿರಿ. ಜನ ಕಡಿಮೆ ಇರುವಾಗಲೇ ಅಡುಗೆಮನೆಯ ಕೈ ಕೂಡುತ್ತದೆ, ಅಕ್ಟೋಬರ್ ಗದ್ದಲಕ್ಕೆ ಸಿದ್ಧವಾಗಿರುತ್ತೀರಿ. ಅಕ್ಟೋಬರ್‌ನಿಂದ ಮೇ ವರೆಗೆ ಎಂಟು ತಿಂಗಳು, ತಿಂಗಳಿಗೆ 30,000ದಂತೆ ಬೇರೆ ಖಾತೆಗೆ ಹಾಕುತ್ತಾ ಬನ್ನಿ. ಆ ಖಾತೆಗೆ ಯುಪಿಐ ಜೋಡಿಸಬೇಡಿ. ಜೂನ್ 1ರ ಮೊದಲು ಅದರಿಂದ ಒಂದು ರೂಪಾಯಿಯೂ ತೆಗೆಯಬೇಡಿ.